ನೂರ ಹನ್ನೆರಡನೇ ಪುಟದ ತಪ್ಪು

ಬಾಗಿಲಲ್ಲಿ ನಿಂತಿದ್ದ ಮುದುಕಿಯ ಕೈಯಲ್ಲಿ ಒಂದು ಪುಸ್ತಕವಿತ್ತು...

ಪಂಕಜಾಕ್ಷಿಗೆ ಅದರ ಗುರುತು ಹತ್ತಿತು. ಅವಳೇ ಬರೆದ ಪತ್ತೇದಾರಿ ಕಾದಂಬರಿ ಅದು.

"ಇದನ್ನ ಬರೆದೋರು ನೀವೇನಾ ತಾಯಿ?"

"ಹೌದಮ್ಮ... ಯಾಕೆ?"

ಮುದುಕಿ, ಮೂಲೆ ಮಡಚಿದ್ದ ಪುಟವನ್ನು ತೆರೆದಳು. "ನೂರ ಹನ್ನೆರಡನೇ ಪುಟ," ಎಂದಳು. ಕೊಲೆಗಾರ ವಿಷ ಅರೆಯುವ ಪುಟ. ಸಾಲಿನ ಕೆಳಗೆ ಕೆಂಪು ಗೆರೆ.

"ನನ್ನ ದೊಡ್ಡ ಮಗ ಎಳೆದಿದ್ದು," ಎಂದಳು.

ಪಂಕಜಾಕ್ಷಿ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು...

ಇಪ್ಪತ್ತು ವರ್ಷಗಳಿಂದ ಕೊಲೆಯ ಕಥೆ ಬರೆಯುತ್ತಿದ್ದ ಅವಳಿಗೆ ಒಂದು ಪದ್ಧತಿ ಇತ್ತು. ಕೊಲ್ಲುವ ವಿಧಾನವನ್ನು ಎಂದೂ ಸರಿಯಾಗಿ ಬರೆಯುತ್ತಿರಲಿಲ್ಲ. ಬೇಕೆಂದೇ ಒಂದು ತಪ್ಪು ಸೇರಿಸುತ್ತಿದ್ದಳು.

ಈ ಪುಸ್ತಕದಲ್ಲಿ ವಿಷವೆಂದು ಬರೆದದ್ದು, ಬೇಲಿ ಮೇಲೆ ಹಬ್ಬುವ ಒಂದು ಸಾಧು ಬಳ್ಳಿಯ ಬೀಜವನ್ನು.

ಓದುಗರು ಬಿಡುತ್ತಾರೆಯೇ? "ಮೇಡಂ, ಅದನ್ನ ತಿಂದ್ರೆ ಮನುಷ್ಯ ಸಾಯಲ್ಲ, ಎರಡು ಸಲ ಬಾತ್‌ರೂಮಿಗೆ ಹೋಗ್ತಾನೆ ಅಷ್ಟೇ!" ಎಂದು ಕಾಗದ ಬರೆದು ನಕ್ಕರು.

ನಾಚಿಕೆ ತಡೆಯಲಾರದೆ, ಎರಡನೇ ಮುದ್ರಣಕ್ಕೆ ಅವಳು ನಿಜವಾದ ವಿಷದ ಹೆಸರು ಬರೆದು ಕಳಿಸಿಬಿಟ್ಟಳು.

ಮರುದಿನ, ಓದಿದವರು ಯಾರಾದರೂ ಹಾಗೇ ಮಾಡಿಬಿಟ್ಟರೆ ಎಂಬ ಭಯ ಹತ್ತಿತು. ಪ್ರಕಾಶಕ ರುದ್ರಸ್ವಾಮಿಗೆ ಫೋನ್ ಮಾಡಿ, "ಬೇಡ ಸಾರ್, ಹಳೇದೇ ಇರಲಿ," ಎಂದು ಬೇಡಿಕೊಂಡಳು.

"ಪ್ರೆಸ್ಸಿಗೆ ಹೋಗಿಬಿಟ್ಟಿದೆಯಲ್ಲ ಮೇಡಂ... ನೋಡೋಣ ಬಿಡಿ," ಎಂದಿದ್ದ ಆತ.

ಪುಸ್ತಕಗಳು ಬಂದವು. ಆ ಪುಟ ತೆರೆದು ನೋಡುವ ಧೈರ್ಯ ಅವಳಿಗೆ ಬರಲೇ ಇಲ್ಲ. ಕಟ್ಟು ಹಾಗೇ ಅಟ್ಟ ಸೇರಿತು.

ಈಗ ಮುದುಕಿಯ ಕೈಯಲ್ಲಿದ್ದದ್ದು ನೀಲಿ ಮುಖಪುಟದ ಪ್ರತಿ... ಎರಡನೇ ಮುದ್ರಣ!

ಕೆಂಪು ಗೆರೆಯ ಮೇಲೆ ಯಾವ ಹೆಸರಿದೆ? ಕನ್ನಡಕವಿಲ್ಲದ ಕಣ್ಣಿಗೆ ಅಕ್ಷರಗಳೆಲ್ಲ ಇರುವೆಗಳಂತೆ ಕಂಡವು.

"ನಂಗೆ ಇಬ್ರು ಗಂಡುಮಕ್ಕಳು. ಹಿಟ್ಟಿನ ಗಿರಣಿ ಯಾರಿಗೆ ಅಂತ ವರ್ಷದಿಂದ ಜಗಳ. ದೊಡ್ಡೋನು ಇದನ್ನ ಓದಿ, ಇದ್ರಲ್ಲಿ ಇರೋ ಹಾಗೇ ಅರೆದು... ತಮ್ಮನ ಕಾಫಿಗೆ ಹಾಕಿಬಿಟ್ಟ."

ಪಂಕಜಾಕ್ಷಿ ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ... ಚಿಕ್ಕ ಮಗ?"

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಾನೇ ಕೊಂದೆ... ನನ್ನ ಪೆನ್ನೇ ಕೊಂದಿತು... ಎಂದುಕೊಂಡಳು ಪಂಕಜಾಕ್ಷಿ.

"ಚಿಕ್ಕೋನು ಲೋಟ ಪೂರ್ತಿ ಕುಡಿದ, ತಾಯಿ. ಕುಡಿದು ಕೆಳಗಿಟ್ಟು, 'ವರ್ಷ ಆದ್ಮೇಲೆ ಕಾಫಿ ಕೊಟ್ಟಿದೀಯ, ಸಕ್ಕರೆ ಹಾಕೋಕೆ ಏನಣ್ಣ ಜಿಪುಣತನ?' ಅಂದ. ಅಷ್ಟೇ... ದೊಡ್ಡೋನು ಅವನ ಕಾಲು ಹಿಡಿದು ಬೋರಾಡಿ ಅತ್ತ. ಎಲ್ಲಾ ಹೇಳ್ಕೊಂಡ. ತಾನೇ ಹೊತ್ಕೊಂಡು ಆಸ್ಪತ್ರೆಗೆ ಓಡಿದ."

"ಆಮೇಲೆ?"

"ಡಾಕ್ಟ್ರು ನಕ್ಕುಬಿಟ್ರು! 'ಇದ್ರಿಂದ ಏನೂ ಆಗಲ್ಲ. ಬರೆದೋರಿಗೆ ಏನೂ ತಿಳಿದಿಲ್ಲ, ಹೇಳಿ ತಿದ್ದಿಸಿ' ಅಂದ್ರು. ಅದಕ್ಕೇ ವಿಳಾಸ ಹುಡುಕ್ಕೊಂಡು ಬಂದೆ."

ಮುದುಕಿ ಎರಡೂ ಕೈ ಜೋಡಿಸಿದಳು.

"ತಿದ್ದಬೇಡಿ ತಾಯಿ... ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಮಾತ್ರ ತಿದ್ದಬೇಡಿ."

ಪಂಕಜಾಕ್ಷಿ ಒಳಗೆ ಓಡಿ ಕನ್ನಡಕ ತಂದಳು. ಕೆಂಪು ಗೆರೆಯ ಮೇಲೆ ಅದೇ ಬೇಲಿಯ ಬಳ್ಳಿ! ರುದ್ರಸ್ವಾಮಿ, ಅವಳು ಬೇಡಿಕೊಂಡಂತೆ ಹಳೆಯದನ್ನೇ ಉಳಿಸಿದ್ದ.

ಎಷ್ಟು ಒರೆಸಿದರೂ ಕನ್ನಡಕ ಮತ್ತೆ ಒದ್ದೆಯಾಯಿತು...

ಗೇಟಿನಾಚೆ ಇಬ್ಬರು ನಿಂತಿದ್ದರು. ಒಬ್ಬ ತಲೆ ಎತ್ತಲೇ ಇಲ್ಲ. ಇನ್ನೊಬ್ಬ ಅವನ ಹೆಗಲ ಮೇಲೆ ಕೈ ಹಾಕಿದ್ದ.

ನಾಲ್ಕು ಜನ ನಕ್ಕರೆಂದು ನಿಮ್ಮ ಮನಸ್ಸಾಕ್ಷಿಯನ್ನು ತಿದ್ದಿಕೊಳ್ಳಬೇಡಿ.

ಇವತ್ತು ನೀವು ಬರೆದು ಕಳಿಸಿದ ಮಾತು ಯಾರ ಕೈ ಸೇರಬಹುದು... ಕಳಿಸುವ ಮೊದಲು ಒಮ್ಮೆಯಾದರೂ ಹೆದರಿದ್ದೀರಾ?