ಹಗೇವಿಗೆ ಇಳಿದ ಕಂದೀಲು

ಹೊಲ ಕಸಿಯಬೇಡಿ ಎಂದು ಮೆರವಣಿಗೆ ಹೊರಡಿಸಿದ್ದ ಮಗನನ್ನು ದ್ಯಾಮವ್ವ ಜೋಳ ತುಂಬುವ ನೆಲಗುಂಡಿಯಲ್ಲಿ, ಹಿತ್ತಲ ಹಗೇವಿನಲ್ಲಿ, ಅಡಗಿಸಿದ್ದಳು. ಅವಳೂ ಸೇರಿ ಊರೆಲ್ಲ ಸುಗ್ಗಿಗೆ ಹೋಗಿದ್ದಾಗ ಪೊಲೀಸರು ಬಂದು ಎಳೆದೊಯ್ದರು. ಈಗ ಅವನು ಎರಡೂ ಕಾಲು ಮುರಿದು ಆಸ್ಪತ್ರೆಯಲ್ಲಿದ್ದ. ಕಾವಲಿನವರು ಭೇಟಿಗೆ ಯಾರನ್ನೂ ಬಿಡುತ್ತಿರಲಿಲ್ಲ.

“ನಾಳೆ ನನ್ನ ಕೂಡ ಕೋರ್ಟಿಗೆ ಬಾ, ತಮ್ಮಾ. ದೂರು ಕೊಡೋಣು.”

ಅವಳ ತಮ್ಮ ಅಡಿವೆಪ್ಪ ಎಲೆಗೆ ಸುಣ್ಣ ಸವರುತ್ತ ಕುಳಿತಿದ್ದ. “ದೂರು ಯಾಕಕ್ಕಾ? ಬ್ಯಾರೆ ದೇಶದ ಸುದ್ದಿ ಕೇಳಿಯೇನು? ಅಲ್ಲಿ ಮಂದಿ ಮ್ಯಾಲೆ ಟ್ಯಾಂಕ್ ಹಾಯಿಸ್ತಾರ. ನಮ್ಮವರು ಬರೇ ಕಾಲಿಗೆ ಹೊಡದಾರ.”

“ಮಗ್ಗಲ ಮನಿಯಾಂವ ಹೆಂಡ್ತೀನ ಕೊಂದಾನಂತ, ನೀ ನಿನ್ನ ಹೆಂಡ್ತಿ ಕೈ ಮುರದ್ರ ನಿನಗ ಮಾಲಿ ಹಾಕಬೇಕೇನೋ?”

“ಹಂಗಲ್ಲಕ್ಕಾ. ಆ ದೇಶದಾಗ ಆಗಿದ್ರ ಹಗೇವಿಗೆ ಹೊಗಿ ಹಾಕಿ ಅಲ್ಲೇ ಕೊಲ್ತಿದ್ರು. ನಮ್ಮವರು ಮೊದಲ ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಟ್ರು. ಅದು ಆರಲಿಲ್ಲಂತ ಖಾತ್ರಿ ಆದ ಮ್ಯಾಲೇ ಒಬ್ಬಾಂವ ಒಳಗ ಇಳದಾ. ಇಷ್ಟು ಕಾಳಜಿ ಯಾವ ದೇಶದಾಗ ಐತಿ ಹೇಳು?”

ಈ ಊರಿನವರು ಇಳಿಯುವ ಮೊದಲು ಹಗೇವಿನ ಬಾಯಿ ತೆರೆದು ಒಂದು ದಿನ ಹಾಗೇ ಬಿಡುತ್ತಾರೆ. ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ಕಂದೀಲು ಇಳಿಸಿ ನೋಡುವುದು ದ್ಯಾಮವ್ವನ ತವರಿನ ರೂಢಿ. ಅಪ್ಪ ಅದನ್ನು ಅಕ್ಕ ತಮ್ಮ ಇಬ್ಬರಿಗೂ ಕಲಿಸಿದ್ದ.

ಅವಳು ಎಲೆಯ ತಟ್ಟೆಯನ್ನು ಅವನ ಮುಂದಿನಿಂದ ಮೆಲ್ಲಗೆ ಎಳೆದುಕೊಂಡಳು.

“ಅವತ್ತು ನಮ್ಮ ಕಂದೀಲು ಹಚ್ಚಿ ಕೊಟ್ಟಾಂವ ನೀನೇನು, ತಮ್ಮಾ?”