ಮೇಷ್ಟ್ರ ಹೆಂಡತಿಯ ತಪ್ಪು

"ನಿಮ್ಮ ತಂಗಿ ತೀರಾ ಇನ್‌ಅಡಿಕ್ವೇಟ್ ಕಣ್ರೀ. ನೋಡೋಕ್ ಬಂದೋಳು ಒಂದು ಹಣ್ಣೂ ತರ್ಲಿಲ್ಲ," ಎಂದು ಮೇಷ್ಟ್ರ ಹೆಂಡತಿ ಆ ಇಂಗ್ಲಿಷ್ ಪದವನ್ನು ಬೇಕೆಂದೇ ತಪ್ಪಾಗಿ ಬಳಸಿ, ಗಂಡನ ಮುಖವನ್ನೇ ನೋಡುತ್ತ ಕೂತರು.

ಇಂಗ್ಲಿಷ್ ಮೇಷ್ಟ್ರು ದಿಂಬಿಗೊರಗಿ ಕಿಟಕಿ ಕಡೆ ನೋಡುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಮಾತು ಮರಳಿದರೂ ಮರಳೀತು, ಮಾತಾಡಿಸುತ್ತಲೇ ಇರಿ ಎಂದು ಡಾಕ್ಟರು ಹೇಳಿದ್ದರು. ಮಗಳು ಪೇಪರು ಓದಿ, ಹಳೆಯ ಹಾಡು ಹಾಕಿ ಸೋತಿದ್ದಳು.

"ಏನಮ್ಮಾ ಇದು, ಅತ್ತೆ ಮೇಲೆ ಚಾಡಿ ಹೇಳೋ ಹೊತ್ತಾ?" ಎಂದಳು.

"ನೀ ಸುಮ್ನಿರು. ತಪ್ಪು ಕೇಳಿಸ್ಕೊಂಡು ಸುಮ್ನಿರೋ ಜನ ಅಲ್ಲ ನಿಮ್ಮಪ್ಪ."

ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಹೆಂಡತಿಗೆ ಕಲಿಸಿದ ಮೊದಲ ದೊಡ್ಡ ಇಂಗ್ಲಿಷ್ ಪದ ಈ ಇನ್‌ಅಡಿಕ್ವೇಟ್. ಬಾಯಿ ತುಂಬುವ ಆ ಪದ ಆಕೆಗೆ ಎಷ್ಟು ಹಿಡಿಸಿತೆಂದರೆ, ಚಹಾಕ್ಕೆ ಸಕ್ಕರೆ ಕಮ್ಮಿಯಾದರೂ ಇನ್‌ಅಡಿಕ್ವೇಟ್, ಚಪ್ಪಲಿ ಹರಿದರೂ ಇನ್‌ಅಡಿಕ್ವೇಟ್. ಮೇಷ್ಟ್ರು ಕೈಲಿದ್ದ ಕೆಲಸ ಬಿಟ್ಟು ಅಡುಗೆಮನೆ ಬಾಗಿಲಿಗೆ ಓಡಿ ಬರುತ್ತಿದ್ದರು. "ಬರೀ ಕಮ್ಮಿ ಅಂತಲ್ಲ ಕಣೇ, ಆಗಬೇಕಾದ ಕೆಲಸಕ್ಕೆ ಸಾಲದು ಅಂತ. ಓದೋಕೆ ಈ ಬೆಳಕು ಸಾಲ್ದು, ಅದು ಇನ್‌ಅಡಿಕ್ವೇಟ್. ಚಪ್ಪಲಿ ಹರಿದಿದೆ, ಅಷ್ಟೇ!" ಜಗಳದ ನಡುವೆಯೂ ತಿದ್ದುತ್ತಿದ್ದರು. ತಿದ್ದಿ ಮುಗಿಯುವಷ್ಟರಲ್ಲಿ ಜಗಳ ಎಲ್ಲಿಗೆ ನಿಂತಿತ್ತೆಂದು ಇಬ್ಬರಿಗೂ ಮರೆತುಹೋಗುತ್ತಿತ್ತು. ಎಂಥ ಒಳ್ಳೆಯ ದಿನಗಳು ಅವು! ಸರಿಯಾದ ಅರ್ಥ ಆಕೆಗೆ ಎಂದೋ ತಿಳಿದಿತ್ತು. ತಪ್ಪು ಹೇಳುವ ಸುಖವನ್ನು ಮಾತ್ರ ಬಿಟ್ಟಿರಲಿಲ್ಲ.

ಆಕೆ ಇನ್ನೂ ಹತ್ತಿರ ಸರಿದರು. "ಕೇಳಿಸ್ತೇನ್ರೀ? ನಿಮ್ಮ ತಂಗಿ ಇನ್‌ಅಡಿಕ್ವೇಟ್!"

ಮೇಷ್ಟ್ರು ತಿರುಗಿದರು. ತುಟಿ ಅದುರಿತು. ಹೆಂಡತಿಯ ಕೈಮೇಲೆ ಕೈಯಿಟ್ಟು, ತಡವರಿಸುತ್ತ, "ಹೌದು... ಇನ್‌ಅಡಿಕ್ವೇಟ್," ಎಂದರು.

"ಅಪ್ಪ ಮಾತಾಡಿದ್ರು!" ಮಗಳು ಕುಣಿಯುವುದೊಂದು ಬಾಕಿ. ಡಾಕ್ಟರಿಗೆ ಫೋನು ಮಾಡಿ ಓಡಿ ಬಂದು ನೋಡಿದರೆ, ಅಮ್ಮ ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಳೋದ್ಯಾಕಮ್ಮಾ? ಮಾತು ಬಂತಲ್ಲ!"

"ಮಾತು ಬಂತು ಕಣೇ," ಎಂದರು ಆಕೆ. "ಮೇಷ್ಟ್ರು ಬರ್ಲಿಲ್ಲ."