ಮೊದಲೇ ಗೊತ್ತಾದರೆ ಮಜಾ ಏನು?

ಟಿವಿಯಲ್ಲಿ ಮೊದಲ ದೃಶ್ಯದಲ್ಲೇ ಕೊಲೆಗಾರನನ್ನು ತೋರಿಸಿಬಿಟ್ಟರು.

"ಕೊಂದೋನು ಯಾರು ಅಂತ ಮೊದಲೇ ಗೊತ್ತಾದ್ರೆ ಇನ್ನು ನೋಡೋದೇನ್ರೀ?" ಎಂದಳು ಹೆಂಡತಿ.

"ಮಜಾ ಇರೋದೇ ಅಲ್ಲಿ! ಅವನು ಏನೇನು ಸುಳ್ಳು ಹೇಳ್ತಾನೆ, ಎಲ್ಲಿ ಸಿಕ್ಕಿಹಾಕ್ಕೋತಾನೆ ಅಂತ ಕೂತು ನೋಡ್ಬೇಕು. ಅದಕ್ಕೆ ತಾಳ್ಮೆ ಬೇಕು, ನಿನಗೆಲ್ಲಿದೆ?" ಎಂದ ಗಂಡ, ಕಡಲೆಕಾಯಿ ಸುಲಿಯುತ್ತ.

ಕೊಲೆಗಾರ ಹೆಣ ದಾಟಿ ಹೊರಬಂದ. ಬಾಗಿಲಲ್ಲಿದ್ದ ಎರಡು ಜೊತೆ ಚಪ್ಪಲಿಗಳಲ್ಲಿ ಒಂದು ಜೊತೆಯನ್ನು ಮೆಟ್ಟಿಕೊಂಡು ಓಡಿದ.

"ಅಯ್ಯೋ, ಸತ್ತೋನ ಚಪ್ಪಲಿ ಹಾಕ್ಕೊಂಡು ಹೋದ! ಇದರಲ್ಲೇ ಸಿಕ್ಕಿಬೀಳ್ತಾನೆ," ಎಂದಳು ಹೆಂಡತಿ.

ಗಂಡ ಸಿಡುಕಿ ಟಿವಿ ಆರಿಸಿದ. "ಎಲ್ಲಾ ಹಾಳು ಮಾಡ್ದೆ! ಇದನ್ನ ಮೊದಲೇ ನೋಡಿದ್ದೀಯ ತಾನೆ?"

"ಇಲ್ಲಪ್ಪ. ಇಸ್ಪೀಟು ಬಿಟ್ಟೆ ಅಂತ ಆಣೆ ಮಾಡಿ, ದಿನಾ ಸಂಜೆ ವಾಕಿಂಗ್ ಹೋಗ್ತೀರಲ್ಲ? ನಿನ್ನೆ ವಾಪಸ್ ಬಂದಾಗ ನಿಮ್ಮ ಕಾಲಲ್ಲಿ ಇಸ್ಪೀಟಿನ ದಾನಪ್ಪನೋರ ಚಪ್ಪಲಿ ಇತ್ತು."

ಸುಲಿಯುತ್ತಿದ್ದ ಕೈ ನಿಂತಿತು.

"ಅದು... ವಾಕಿಂಗ್ ಮಾಡ್ತಾ ಮಾಡ್ತಾ ದಾರೀಲಿ ಅದಲುಬದಲಾಗಿರ್ಬೇಕು ಕಣೇ."

ಅವಳು ಕಡಲೆಕಾಯಿ ತಟ್ಟೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಚಕ್ಕಂಬಕ್ಕಳ ಹಾಕಿ ಕುಳಿತಳು.

"ಹೂಂ, ಮುಂದಕ್ಕೆ ಹೇಳಿ. ನೀವಂದಿದ್ದು ನಿಜ ಕಣ್ರೀ, ಮಜಾ ಇರೋದೇ ಇಲ್ಲಿ."